ಚರಂಡಿಗೆ ಎಸೆದ ಪ್ರೊಸೆಸರ್

ಅವನ ಎಡಗೈ ಕಿರುಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಅದರಲ್ಲೇ ಎಲೆಗೆ ಸುಣ್ಣ ಹಚ್ಚುತ್ತಿದ್ದ, ಅದರಲ್ಲೇ ಕಂಪ್ಯೂಟರಿನೊಳಗೆ ಪ್ರೊಸೆಸರಿನ ಮೇಲೆ ಒಣಗಿದ ಪೇಸ್ಟನ್ನೂ ಕೆರೆಯುತ್ತಿದ್ದ. ಹುಣಸೂರಿನಿಂದ ಹ್ಯಾಂಡ್‌ಪೋಸ್ಟ್‌ವರೆಗಿನ ಟೈಪಿಂಗ್ ಅಂಗಡಿಗಳಿಗೆಲ್ಲ ಅವನೇ ರಿಪೇರಿಯವನು. ನನಗೆ ಮಾತ್ರ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಉಗುರಿಗಿಂತ ಅಸಹ್ಯವಾದದ್ದು ಅವನ ಕಟ್ಟಳೆ. ಬಿಚ್ಚಿದ ಹಳೆಯ ಭಾಗ ಅವನಿಗೇ ಸೇರಬೇಕು. "ಹಳೇದು ನಂಗಿರ್ಲಿ ಬುಡಿ, ನಿಮಗ್ಯಾಕೆ?" ಎಂದು ಹಲ್ಲುಗಿಂಜಿ ತಗಡಿನ ಡಬ್ಬಿಗೆ ಹಾಕಿಕೊಳ್ಳುತ್ತಿದ್ದ. ತಿಥಿಮನೆಯಲ್ಲಿ ಉಳಿದ ವಡೆ ಕಟ್ಟಿಸಿಕೊಳ್ಳುವವರಿಗಾದರೂ ಸ್ವಲ್ಪ ನಾಚಿಕೆಯಿರುತ್ತದೆ.

ನನ್ನ ಟೈಪಿಂಗ್ ಅಂಗಡಿಯ ಹಳೆಯ ಕಂಪ್ಯೂಟರ್ ತೆವಳತೊಡಗಿದಾಗ ಮೈಸೂರಿನಿಂದ ಚುರುಕಾದ ಪ್ರೊಸೆಸರ್ ತಂದು ನಾನೇ ಕೂರಿಸಿದೆ. ಹಳೆಯದು ಅವನ ಪಾಲಾಗಬಾರದೆಂದು ಎದುರಿನ ಚರಂಡಿಗೆ ಎಸೆದೆ. ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಕೊನೆಯ ದಿನ. ಹಂಪಾಪುರದ ಶಾಲೆಯ ಮಕ್ಕಳ ದಾಖಲೆಗಳೆಲ್ಲ ಅದರೊಳಗಿದ್ದವು. ಹಲ್ಲು ಕಚ್ಚಿಕೊಂಡು ಅವನಿಗೆ ಫೋನ್ ಮಾಡಿದೆ.

ಬಂದವನೇ "ಹಳೇದೆಲ್ಲಿ?" ಎಂದ.

"ಚರಂಡೀಲಿ."

ಯಾರಿಗೋ ಪೆಟ್ಟಾಯಿತೆಂದು ಕೇಳಿದವನ ಹಾಗೆ ಮುಖ ಮಾಡಿದ. "ಎಂಥ ಕೆಲ್ಸ ಮಾಡುದ್ರಿ! ಈ ಬೋರ್ಡ್‌ಗೆ ಹೊಸದರ ಗುರ್ತೇ ಇಲ್ಲ. ಹಳೇದು ಕೂತ್ಕಂಡು ಪರಿಚಯ ಮಾಡ್ಸಬೇಕು ಕಣ್ರೀ."

ಡಬ್ಬಿ ತೆರೆದ. ಒಂದೊಂದು ಪ್ರೊಸೆಸರನ್ನೂ ಕಾಗದದಲ್ಲಿ ಸುತ್ತಿ, ಮೇಲೆ ಯಾರ ಅಂಗಡಿಯದೆಂದು ಬರೆದಿಟ್ಟಿದ್ದ. "ಯಾರ್ಗಾನಾ ಬೇಕಾಯ್ತದೆ ಅಂತ ಮಡಗಿವ್ನಿ." ನನ್ನ ಹಳೆಯದರಂಥದ್ದೊಂದನ್ನು ಹುಡುಕಿ ಕೂರಿಸಿ, ಪೆನ್‌ಡ್ರೈವ್‌ನಿಂದ ಬೋರ್ಡಿಗೆ ಏನೋ ತುಂಬಿಸಿ, ಆಮೇಲೆ ಹೊಸದನ್ನು ಹಾಕಿದ. ಪರದೆ ಬೆಳಗಿತು. ಸಂಜೆಯೊಳಗೆ ಅರ್ಜಿಗಳೆಲ್ಲ ಹೋದವು.

ಆದರೂ ನನ್ನ ಮನಸ್ಸು ಕರಗಲಿಲ್ಲ. ಹೊರಟವನು ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತದ್ದು ಕಂಡಿತ್ತು. ಎಲೆಯಡಿಕೆ ಉಗುಳುತ್ತಿದ್ದಾನೆ, ಥೂ, ಎಂದು ಮುಖ ತಿರುಗಿಸಿದ್ದೆ.

ಹೋದ ವರ್ಷ ಅವನು ತೀರಿಕೊಂಡ. ನಾಲ್ಕು ಜನ ಹೋಗುತ್ತಾರೆಂದು ನಾನೂ ಅವನ ಮನೆಗೆ ಹೋದೆ. ಅವನ ಹೆಂಡತಿ ಡಬ್ಬಿಯನ್ನು ನನ್ನ ಮುಂದಿಟ್ಟು, "ಅಂಗ್ಡಿಯೋರ್ದೆಲ್ಲ ಇದ್ರಲ್ಲೈತಂತೆ, ನಿಮ್ದು ನೋಡ್ಕಳಿ" ಎಂದರು. ನನ್ನದೇನಿರುತ್ತದೆ ಎಂದುಕೊಂಡೇ ಕೈಹಾಕಿದೆ. ಒಂದು ಕಾಗದದ ಮೇಲೆ ನನ್ನ ಅಂಗಡಿಯ ಹೆಸರಿತ್ತು. ಬಿಡಿಸಿದರೆ ನಾನು ಎಸೆದ ಅದೇ ಪ್ರೊಸೆಸರ್. ಚೆನ್ನಾಗಿ ತೊಳೆದು, ಬಗ್ಗಿದ ಪಿನ್ನುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿಟ್ಟಿದ್ದ.

ಆ ಉಗುರಿನಲ್ಲೇ ಮಾಡಿರಬೇಕು. ಹೇಸಿಗೆಯಾಯಿತು, ನನ್ನ ಮೇಲೆ.