ಅಣ್ಣ ಕಿತ್ತೊಗೆದನೆಂದು ನಾನು ಹೇಳಿದ್ದು

ಹೋದ ವಾರ ನಮ್ಮ ಹತ್ತಿ ಅಂಗಡಿಯ ಹಳೆಯ ಬಾಗಿಲಿಗೆ ವಾರ್ನಿಶ್ ಹೊಡೆಸಿದೆ. ಆದೋನಿಯ ಬಿಸಿಲಿಗೆ ಆ ವಾಸನೆ ಒಳಗೆಲ್ಲ ತುಂಬಿಕೊಂಡಿತು. ತಲೆನೋವು ಎಂದು ಹೇಳಿ ನಾನು ಹೊರಗೆ ಕಟ್ಟೆಯ ಮೇಲೆ ಬಂದು ಕುಳಿತೆ. ತಲೆನೋವೇನೂ ಇರಲಿಲ್ಲ. ನನ್ನಣ್ಣನ ಅಂಗೈ, ಅಂಗಿ, ಅವನು ಹಾಸಿಕೊಟ್ಟ ಹಾಸಿಗೆ, ಎಲ್ಲಕ್ಕೂ ಅದೇ ವಾಸನೆ ಇತ್ತು...

ಅಣ್ಣ ಕೊಚ್ಚಿಯ ಬಂದರಿನಲ್ಲಿ ಒಂದು ಹಾಯಿದೋಣಿಯಲ್ಲಿದ್ದ. ಮೀನು ಹಿಡಿಯುವ ದೋಣಿಯಲ್ಲ. ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿಂಗಳುಗಟ್ಟಲೆ ಸಮುದ್ರದ ಮೇಲೆ ದೇಶ ತಿರುಗುವಂಥದು. ಅದರ ಯಜಮಾನರು ಹೊರದೇಶದ ಒಬ್ಬ ಮುದುಕರು. ಅಪ್ಪನ ಮೇಲೆ ಸಿಟ್ಟಾಗಿ ಹತ್ತಿಯ ಲಾರಿ ಹತ್ತಿ ಹೋದ ಅಣ್ಣ ಆ ಬಂದರಿನಲ್ಲಿ ಮರಕ್ಕೆ ವಾರ್ನಿಶ್ ಹೊಡೆಯುವ ಕೆಲಸ ಹಿಡಿದು, ಕೊನೆಗೆ ಆ ಮುದುಕರ ಜೊತೆ ಹಾಯಿ ಕಟ್ಟುವವನು, ಅಡುಗೆಯವನು, ಕಾವಲಿನವನು ಎಲ್ಲವೂ ಆದ. ಹತ್ತು ವರ್ಷ ಊರಿಗೆ ಬಂದಿರಲಿಲ್ಲ. ಒಂದು ದಿನ ನನಗೆ ಫೋನ್ ಮಾಡಿದ.

"ತಮ್ಮಾ, ಯಜಮಾನ್ರು ಅವರ ಊರಿಗೆ ಹೋಗ್ಯಾರ. ನಿನ್ನವರನ್ನ ಕರಿಸ್ಕೋ ಅಂದಾರ. ಬಾರೋ. ಗೆಳೆಯರನ್ನೂ ಕರಕೊಂಡು ಬಾ. ಬರೋವಾಗ ಒಂದೀಟು ಜ್ವಾಳದ ಹಿಟ್ಟು, ಅವ್ವನ ಕೈಯ್ಯಾನ ಶೇಂಗಾ ಪುಡಿ ತಗೊಂಡು ಬಾ."

ಹೊಸ ಹತ್ತಿ ಬರಲು ಇನ್ನೂ ದಿನಗಳಿದ್ದವು. ಬೀಜದಂಗಡಿಯ ಗೆಳೆಯ, ಲಾರಿ ಬ್ರೋಕರ್ ಗೆಳೆಯ, ನಾನು, ಮೂವರೂ ಗುಂತಕಲ್ಲಿಗೆ ಹೋಗಿ ರೈಲು ಹಿಡಿದೆವು.

ಅಣ್ಣ ನಮಗೆ ಆ ಹಳೆಯ ಊರನ್ನೆಲ್ಲ ತೋರಿಸಿದ. ದೊಡ್ಡ ದೋಣಿಯನ್ನು ಲಂಗರಿನ ಮೇಲೆ ಬಿಟ್ಟು, ಸಣ್ಣ ದೋಣಿಯಲ್ಲಿ ತಾನೇ ಹುಟ್ಟು ಹಾಕಿ ದಡಕ್ಕೆ ಕರೆದೊಯ್ಯುತ್ತಿದ್ದ. ನೀರಿಗೆ ಇಳಿದು ಏಳುವ ದೊಡ್ಡ ದೊಡ್ಡ ಬಲೆಗಳು, ನೆಲದಲ್ಲೇ ಗೋರಿಕಲ್ಲು ಹಾಸಿದ್ದ ಚರ್ಚು, ಮೊಳದಪ್ಪ ಗೋಡೆಯ ಮೆಣಸಿನ ಗೋದಾಮುಗಳು. ಒಂದು ಗೋದಾಮಿನಲ್ಲಿ ಬೀಜದಂಗಡಿಯವನು ಯಾರನ್ನೂ ಕೇಳದೆ ಶುಂಠಿಯ ಚೀಲಕ್ಕೆ ಕೈ ಹಾಕಿ, ನಮ್ಮ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಎಳೆ ಎಳೆದು ನೋಡುವಂತೆ ಮುರಿದು ನೋಡಿದ. ಅಲ್ಲಿಯವರು ಬೈಯುತ್ತ ಬಂದರು. ಅಣ್ಣ ಕೈಮುಗಿದು ಮಲಯಾಳದಲ್ಲೇ ಸಮಾಧಾನ ಮಾಡಿದ. ಯಾವ ದೇಶದವರ ಹಡಗು ಯಾವ ಕಾಲಕ್ಕೆ ಎಲ್ಲಿ ನಿಲ್ಲುತ್ತಿತ್ತೆಂದು ಅವನು ಹೇಳುತ್ತಿದ್ದರೆ ಗೆಳೆಯರು ಬಾಯಿ ತೆರೆದು ಕೇಳುತ್ತಿದ್ದರು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಅವನು ಹಾಗೆ ಹೇಳುವುದು ನನಗೆ ಸೇರುತ್ತಿರಲಿಲ್ಲ.

ದೋಣಿಯಲ್ಲಿ ಮಾತ್ರ ಅವನನ್ನು ನಾವು ಆಳಿನ ಹಾಗೆ ನಡೆಸಿಕೊಂಡೆವು. "ಅಣ್ಣಾ, ಚಾ!" "ಅಣ್ಣಾ, ಹಾಸಿಗಿ!" ಅಲ್ಲಿನ ಪಾಯಖಾನೆಗೆ ಕೈಪಂಪು ಒತ್ತಿ ನೀರು ಬಿಡಬೇಕು. ಬ್ರೋಕರ್ ಒಮ್ಮೆಯೂ ಒತ್ತಲಿಲ್ಲ. ಪ್ರತಿ ಸಲವೂ ಅಣ್ಣನೇ ಹೋಗಿ ಒತ್ತಿ ಬರುತ್ತಿದ್ದ.

"ಏಮಿರಾ, ಇವ ನಿಮ್ಮಣ್ಣನೋ, ದೋಣಿ ಆಳೋ?" ಎಂದು ಬ್ರೋಕರ್ ತೆಲುಗು ಬೆರೆಸಿ ಕೇಳಿ ನಕ್ಕ.

"ಎರಡೂ," ಎಂದೆ. ಅಣ್ಣ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ. ಕೇಳಿಸಿರಲೇಬೇಕು. ಅಷ್ಟು ಸಣ್ಣ ಜಾಗ.

ನಾಲ್ಕನೆಯ ಮುಂಜಾನೆ ನಾವು ದೋಣಿಯ ನೀರಿನ ಟ್ಯಾಂಕು ಖಾಲಿ ಮಾಡಿದೆವು. ನಮ್ಮೂರಿನಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾದು, ಕೊಡ, ಬಕೆಟ್ಟು, ಕೊನೆಗೆ ಗಿಂಡಿಗೂ ತುಂಬಿಟ್ಟುಕೊಳ್ಳುವವರು ನಾವು. ಆದರೆ ಸುತ್ತಲೂ ಅಷ್ಟು ನೀರು ಕಂಡು ಮೂವರೂ ಬುದ್ಧಿಗೆಟ್ಟೆವು. ಉಪ್ಪಿನ ಜಿಗುಟು ಹೋಗಲೆಂದು ಮನಸಾರೆ ಮಿಂದೆವು. ಆ ಸಿಹಿನೀರನ್ನು ಅಣ್ಣ ದಡದಿಂದ ಕ್ಯಾನುಗಳಲ್ಲಿ ಹೊತ್ತು ತಂದಿದ್ದನೆಂದು ನಳ ಗೊರಗುಟ್ಟಿದಾಗಲೇ ತಿಳಿದದ್ದು.

ಅಣ್ಣ ಖಾಲಿ ಕ್ಯಾನುಗಳನ್ನು ಸಣ್ಣ ದೋಣಿಗೆ ಹಾಕಿಕೊಂಡು ದಡಕ್ಕೆ ಹೋದ. ತುಂಬಿದ ಕ್ಯಾನುಗಳನ್ನು ಮೇಲೆಳೆಯುವಾಗ ಅಂಗಿ ತೊಯ್ದು ತೊಪ್ಪೆಯಾಯಿತೆಂದು ಬಿಚ್ಚಿದ. ಅಷ್ಟು ದಿನ ಕೊರಳಿನ ಗುಂಡಿಯನ್ನೂ ಬಿಚ್ಚದವನು ಅವತ್ತು ಮರೆತ.

"ಅಣ್ಣಾ, ಕೊಳ್ಳಾಗ ಲಿಂಗ ಎಲ್ಲಿ?" ಎಂದು ಬೀಜದಂಗಡಿಯವನು ಕೇಳಿಬಿಟ್ಟ.

ನಮ್ಮದು ಲಿಂಗ ಕಟ್ಟುವ ಮನೆತನ. ಹುಟ್ಟಿದ ಕೂಸಿಗೆ ಮಠದ ಅಯ್ಯನವರು ಕಟ್ಟಿದ್ದು ಮಣ್ಣಿಗೆ ಹೋಗುವವರೆಗೂ ಮೈಮೇಲಿರಬೇಕು. ಅದರ ಪೂಜೆಯಾಗದೆ ನಮ್ಮವ್ವ ಗುಟುಕು ನೀರೂ ಕುಡಿಯುವುದಿಲ್ಲ. ಅಣ್ಣ ಕ್ಯಾನು ಕೆಳಗಿಟ್ಟು ಹಸಿ ಅಂಗಿಯನ್ನೇ ಮತ್ತೆ ಹಾಕಿಕೊಂಡ. ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಹೋದರು.

ಆಮೇಲೆ ದೋಣಿಯ ಮೂತಿಯ ಹತ್ತಿರ ನನ್ನೊಬ್ಬನನ್ನೇ ಕೂರಿಸಿಕೊಂಡು ಹೇಳಿದ. ನಡುಸಮುದ್ರದಲ್ಲಿ ಗಾಳಿ ಎದ್ದಾಗ ಹಾಯಿಯ ಹಗ್ಗ ಕೊರಳಿನ ಶಿವದಾರಕ್ಕೆ ಸಿಕ್ಕಿ ಜಗ್ಗಿತಂತೆ. ದಾರ ಹರಿದು, ಲಿಂಗವಿದ್ದ ಬೆಳ್ಳಿ ಕರಡಿಗೆ ಅವನ ಕಣ್ಣೆದುರೇ ಹಲಗೆಯ ಮೇಲೆ ಒಂದು ಸಲ ಪುಟಿದು ನೀರಿಗೆ ಬಿತ್ತಂತೆ.

"ಮೂರು ದಿನ ಏನೂ ತಿನ್ನಲಿಲ್ಲ ತಮ್ಮಾ. ನಾಕನೇ ದಿನ ಹಸಿವು ಕೇಳಲಿಲ್ಲ. ತಿಂದೆ." ಅಂಗಿಯ ಕೊರಳಿನ ಗುಂಡಿ ಹಾಕಿಕೊಂಡು ಮತ್ತೆ ಹೇಳಿದ. "ದೀಪಾವಳಿಗೆ ಬರ್ತೀನಿ. ಮೊದಲು ಮಠಕ್ಕ ಹೋಗಿ ಅಯ್ಯನೋರ ಕೈಲಿ ಹೊಸದು ಕಟ್ಟಿಸ್ಕೊಂಡು ಆಮ್ಯಾಲೆ ಮನೀಗೆ. ಅಲ್ಲೀತನಕ ಯಾರಿಗೂ ಅನಬ್ಯಾಡ. ಅವ್ವನ ಬಾಜೂಕ ಕುಂತು ಒಂದು ಸಲ ಉಣಬೇಕು, ಅಷ್ಟ."

ಆಗಲಿ ಎಂದೆ. ಆಣೆ ಕೇಳಲಿಲ್ಲ ಅವನು.

ಊರಿಗೆ ಬಂದು ಅಣ್ಣ ಬರುವ ಸುದ್ದಿ ಹೇಳಿದೆ. ಅಪ್ಪನಿಗೆ ಹಳೆಯ ಸಿಟ್ಟೆಲ್ಲ ಇಳಿದಿತ್ತು. ಉಣ್ಣುತ್ತ ಹೇಳಿದ: "ದೊಡ್ಡಾವ ಬರ್ಲಿ. ಗಾದಿ ಮ್ಯಾಲೆ ಅವನ್ನ ಕುಂದ್ರಿಸ್ತೀನಿ. ನಾಕು ಭಾಷಿ ಬರ್ತಾವ ಅವಗ. ನೀನು ಗೋದಾಮು ನೋಡ್ಕೋ. ನಿನಗ ಅಷ್ಟ ಸಾಕು."

ಹತ್ತು ವರ್ಷ ಅಂಗಡಿಯ ಒಡೆಯ ಕೂರುವ ಆ ಗಾದಿಯ ಪಕ್ಕ ನಾನು ನಿಂತಿದ್ದೆ. ಬಾಯಲ್ಲಿದ್ದ ತುತ್ತು ನುಂಗಿ ಹೇಳಿದೆ. "ಕುಂದ್ರಿಸಪ್ಪ. ಆದ್ರ ಅವನ ಕೊಳ್ಳಾಗ ಲಿಂಗ ಇಲ್ಲ. ಕಿತ್ತು ಸಮುದ್ರಕ್ಕ ಒಗದಾನ."

ಹರಿದು ಬಿತ್ತು ಎನ್ನಬಹುದಿತ್ತು. ಆ ಮಾತು ನಾಲಿಗೆಯ ಮೇಲೆಯೇ ಇತ್ತು. ಅವ್ವ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

ಅಣ್ಣನಿಗೆ ಬರಬೇಡ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ದೀಪಾವಳಿಯ ದಿನ ಮುಂಜಾನೆ ಅವನು ಮಠದಿಂದ ನೇರ ಬಂದ. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೊಸ ಶಿವದಾರ. ಅಯ್ಯನವರು ಅವನ ಕಥೆ ಕೇಳಿ ಅರ್ಧ ಗಂಟೆಯಲ್ಲಿ ಕಟ್ಟಿಕೊಟ್ಟಿದ್ದರು. ನಗುತ್ತ ಬಂದ. ಅಪ್ಪ ಬಾಗಿಲಿಗೆ ಅಡ್ಡ ನಿಂತ.

"ಕಿತ್ತು ಒಗದಾವಗ ಹೊಸದು ಯಾಕಲೇ?"

"ಕಿತ್ತು ಒಗದದ್ದಾ? ಯಾರಂದ್ರು ಅಪ್ಪಾ? ಹಗ್ಗ ಬಡಿದು ಹರೀತು. ಅಯ್ಯನೋರಿಗೆ ಕೇಳ್ರಿ."

"ಅಯ್ಯನೋರಿಗೆ ನೀ ಹೇಳಿದ್ದಷ್ಟ ಗೊತ್ತು."

ಅಣ್ಣ ನನ್ನ ಕಡೆ ತಿರುಗಿದ. "ತಮ್ಮಾ, ನಿನಗ ಎಲ್ಲಾ ಹೇಳಿದ್ನಲ್ಲೋ. ಹೇಳು."

ಒಂದು ಮಾತು ಸಾಕಿತ್ತು. ನಾನು ಅವನ ಕಣ್ಣು ನೋಡದೆ, "ನೀ ಅಂದದ್ದ ನಾ ಅಂದೀನಿ," ಎಂದೆ.

ಅವ್ವ ಬಂದವರಿಗೆ ನೀರು ಕೊಡುವ ರೂಢಿಯಲ್ಲಿ ತಂಬಿಗೆ ಹಿಡಿದೇ ಹೊರಗೆ ಬಂದಿದ್ದಳು. ಅಣ್ಣ ಕೈ ಚಾಚಿದ. ಅವ್ವ ಆ ತಂಬಿಗೆಯನ್ನು ಎತ್ತಿ ತನ್ನ ತಲೆಯ ಮೇಲೆಯೇ ಸುರಿದುಕೊಂಡಳು, ಸತ್ತ ಸುದ್ದಿ ಕೇಳಿದವರು ಸುರಿದುಕೊಳ್ಳುವಂತೆ. "ನನಗ ಇರಾವ ಒಬ್ಬನ ಮಗ," ಎಂದಳು. ಚಾಚಿದ ಕೈಯನ್ನು ಅಣ್ಣ ಎಷ್ಟು ಹೊತ್ತಿಗೆ ಇಳಿಸಿದನೋ... ನನಗೆ ನೆನಪಿಲ್ಲ. ನಾನು ನೋಡಲಿಲ್ಲ.

ಸಂಜೆ ಅಂಗಡಿಯ ಪೂಜೆಗೆ ಅಪ್ಪ ನನ್ನನ್ನು ಗಾದಿಯ ಮೇಲೆ ಕೂರಿಸಿದ. ನಾನು ಕುಳಿತೆ.

ಎರಡು ವರ್ಷದ ಮೇಲೆ ದೋಣಿಯ ಯಜಮಾನರು ಮುರುಕು ಹಿಂದಿಯಲ್ಲಿ ಫೋನ್ ಮಾಡಿದರು. ಅಣ್ಣನಿಗೆ ಎದೆನೋವು, ದಡಕ್ಕೆ ತರುವಷ್ಟರಲ್ಲಿ ಹೋದನಂತೆ. ಕೊರಳಲ್ಲಿದ್ದ ಆ ಕಲ್ಲನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದನಂತೆ, ಬೆರಳು ಬಿಡಿಸಲು ಆಗಲಿಲ್ಲವಂತೆ. "ಕೂರಿಸಿ ಮಣ್ಣು ಮಾಡಬೇಕೆಂದು ಹೇಳುತ್ತಿದ್ದ. ನಿಮ್ಮಲ್ಲಿ ಹಾಗೆಯೇ ತಾನೆ?" ಎಂದು ಕೇಳಿದರು. ಹೌದೆಂದೆ. ಹೋಗಲಿಲ್ಲ. ಹತ್ತಿಯ ಕಾಲ ಎಂದು ಕಾರಣ ಹೇಳಿದೆ.

ಅವ್ವನಿಗೆ ಸತ್ತ ಸುದ್ದಿಯನ್ನಷ್ಟೇ ಹೇಳಿದೆ, ಕೈಯ ವಿಷಯ ಹೇಳಲಿಲ್ಲ. "ಅವ ಆವತ್ತ ಸತ್ತಾನ," ಎಂದಳು. ಅಪ್ಪ ನಾನು ಹೇಳಿದ್ದನ್ನೇ ನಂಬಿಕೊಂಡು ತೀರಿಕೊಂಡ. ಅವ್ವ ಇದ್ದಾಳೆ. ಈಗಲೂ ಮುಂಜಾನೆ ಪೂಜೆಗೆ ಕೂತಾಗ ಮನೆಯವರ ಹೆಸರೆಲ್ಲ ಹೇಳಿ ಒಳ್ಳೆಯದು ಬೇಡುತ್ತಾಳೆ. ಆ ಹೆಸರುಗಳಲ್ಲಿ ಅವನದು ಬರುವುದಿಲ್ಲ.

ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ. ಅವ್ವನಿಗೆ ಓದು ಬಾರದು, ಅದಕ್ಕೇ ಬರೆಯಲು ಧೈರ್ಯ ಬಂದಿದೆ. ಈಗ ಪಡಸಾಲೆಯಿಂದ ಕೂಗಿ ಕೇಳಿದಳು, "ಏನು ಬರಿಯಾಕತ್ತೀಯೋ ಅಷ್ಟೊತ್ತಿನಿಂದ?"

"ಏನಿಲ್ಲವ್ವ," ಎಂದೆ. "ಅಂಗಡೀದು."