ಗಾಡಿಗೆ ಹಾಕೋ ಎಣ್ಣೆ

ಬೈಲಪ್ಪನ ಟ್ರ್ಯಾಕ್ಸ್ ಬರುತ್ತಿದೆ ಎನ್ನುವುದು ನಮಗೆ ಕಿವಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಬೇರೆ ಗಾಡಿಗಳ ಹಿಂದೆ ಬರೀ ಹೊಗೆ ಬಂದರೆ ಇವನ ಗಾಡಿಯ ಹಿಂದೆ ಮೆಣಸಿನಕಾಯಿ ಬಜ್ಜಿಯ ವಾಸನೆ ಬರುತ್ತಿತ್ತು. ನ್ಯಾಮತಿಯಲ್ಲಿ ಹತ್ತಿ, ಗೋವಿನಕೋವಿ ದಾಟಿ, ಬಸ್ಸು ಹೋಗದ ಊರೊಂದರ ಶಾಲೆಗೆ ನಾನು ಹನ್ನೊಂದು ವರ್ಷ ಆ ಗಾಡಿಯಲ್ಲೇ ಪಾಠ ಮಾಡಲು ಹೋಗಿದ್ದೇನೆ. ಮೊದಮೊದಲು ಸೋಮವಾರ ಉಪವಾಸ ಮಾಡುತ್ತಿದ್ದೆ. ಆ ವಾಸನೆಯಲ್ಲಿ ಮುಕ್ಕಾಲು ಗಂಟೆ ಕೂತು ಕೂತು ಉಪವಾಸವನ್ನೇ ಬಿಟ್ಟೆ.

ಡೀಸೆಲ್ ದರ ಏರಿದ ವರ್ಷ ಬೈಲಪ್ಪ ಗಾಡಿಯನ್ನು ಗುಜರಿಗೆ ಹಾಕಲು ಹೊರಟಿದ್ದ. ಆ ಗಾಡಿ ನಿಂತರೆ ನಾಲ್ಕು ಊರಿನವರಿಗೆ ಹೊನ್ನಾಳಿ ಆಸ್ಪತ್ರೆಯೂ ಇಲ್ಲ, ಸಂತೆಯೂ ಇಲ್ಲ. ಅಷ್ಟರಲ್ಲಿ ಯಾರೋ ಮೆಕ್ಯಾನಿಕ್ ಕಿವಿಯಲ್ಲಿ ಊದಿದನಂತೆ, ಹಳೇ ಡೀಸೆಲ್ ಎಂಜಿನ್ನಿಗೆ ಹೊಸ ಗಾಡಿಗಳ ನಾಜೂಕು ಇಲ್ಲ, ಕರಿದುಳಿದ ಎಣ್ಣೆಯನ್ನು ಸೋಸಿ ಡೀಸೆಲ್ಲಿಗೆ ಬೆರೆಸಿದರೂ ಕುಡಿಯುತ್ತದೆ ಎಂದು. ಬಜ್ಜಿ ಅಂಗಡಿಗಳಿಗೆ ನಮ್ಮ ಕಡೆ ಬರವೇ? ನ್ಯಾಮತಿಯಿಂದ ಸವಳಂಗದವರೆಗೆ ಹನ್ನೊಂದು ಅಂಗಡಿ ಹಿಡಿದ. ಚರಂಡಿಗೆ ಸುರಿಯುತ್ತಿದ್ದ ಕಪ್ಪು ಎಣ್ಣೆ, ಒಯ್ದರೆ ಸಾಕೆಂದು ಅವರೂ ಪುಕ್ಕಟೆ ಕೊಟ್ಟರು.

ಆ ಎಣ್ಣೆಯನ್ನು ಅವನು ಎಂಟು ದಿನ ಅಲುಗಾಡಿಸದೆ ಇಡುತ್ತಿದ್ದ. ಗಸಿ ತಳ ಸೇರಿದ ಮೇಲೆ ಮೇಲಿನದನ್ನು ಬಸಿದು, ನೀರಿನಂಶ ಚಟಪಟ ಅನ್ನುವುದು ನಿಲ್ಲುವವರೆಗೆ ಕಾಯಿಸುತ್ತಿದ್ದ. ಆಮೇಲೆ ನಾಲ್ಕು ಮಡಿಕೆಯ ಹಳೇ ಪಂಚೆಯಲ್ಲಿ ಒಂದು ಸಲ, ಲಾರಿ ಗ್ಯಾರೇಜಿನವರು ಬಿಸಾಡಿದ ಡೀಸೆಲ್ ಫಿಲ್ಟರಿನಲ್ಲಿ ಇನ್ನೊಂದು ಸಲ ಸೋಸುತ್ತಿದ್ದ. ತುಂಬಿಡುವ ಕ್ಯಾನುಗಳು ತೋಟದವರು ಎಸೆದ ಕಳೆನಾಶಕದವು. ಗಟ್ಟಿ ಇರುತ್ತವೆ, ತೊಳೆದರೆ ಗಾಡಿಗೇನು ಆಗುತ್ತದೆ ಎನ್ನುತ್ತಿದ್ದ. ಪ್ರತಿ ಕ್ಯಾನಿನ ಬಾಯಿಗೆ ಅವನ ಹೆಂಡತಿ ಅಜ್ಜಮ್ಮ ತನ್ನ ಹಳೇ ಹಸಿರು ಸೀರೆಯ ಚೂರು ಕಟ್ಟುತ್ತಿದ್ದಳು. ಡೀಸೆಲ್ ಬೆರೆಸುತ್ತಿದ್ದುದು ಕಟ್ಟಕಡೆಗೆ, ಟ್ಯಾಂಕಿಗೆ ಸುರಿಯುವಾಗ ಮಾತ್ರ. ಬೇಸಿಗೆಯಲ್ಲಿ ಅರ್ಧಕ್ಕೆ ಅರ್ಧ. ಚಳಿಗಾಲದಲ್ಲಿ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟುವುದರಿಂದ ಎಣ್ಣೆ ಕಾಲು ಭಾಗ, ಮಿಕ್ಕಿದ್ದು ಡೀಸೆಲ್. ಹವೆ ನೋಡದೆ ಮೊದಲೇ ಬೆರೆಸಿಟ್ಟರೆ ಲೆಕ್ಕ ತಪ್ಪುತ್ತದೆ ಎಂಬುದು ಅವನ ವಾದ. ಈ ಮಾತು ನೆನಪಿಡಿ, ಎಲ್ಲ ಕೆಟ್ಟಿದ್ದು ಇದರಿಂದಲೇ.

ಸೋಸಿದ ಎಣ್ಣೆಯ ಒಂದು ಗಾಜಿನ ಬಾಟಲಿ ಯಾವಾಗಲೂ ಅವನ ಸೀಟಿನ ಪಕ್ಕ ಇರುತ್ತಿತ್ತು. ಹೊಸಬರು ಹತ್ತಿದರೆ ಅದನ್ನು ಬಿಸಿಲಿಗೆ ಹಿಡಿದು ತೋರಿಸಲೇಬೇಕು. ಜಗಳೂರಿನ ಲಗೇಜ್ ಗಾಡಿಯವನೊಬ್ಬ, ಚನ್ನಗಿರಿ ಕಡೆಯ ನಲ್ಲೂರಿನಿಂದ ಇಬ್ಬರು, ಈ ವಿದ್ಯೆ ಕಲಿಯಲೆಂದೇ ಅವನ ಮನೆಗೆ ಬಂದು ಹೋಗಿದ್ದರು. ಗಾಡಿಗೆ ಇಷ್ಟು ತಿಳಿ ಎಣ್ಣೆ ಯಾಕೆ, ಅದೇನು ಮದುವೆಗೆ ಹೊರಟಿದೆಯೇ ಎಂದು ನಾನು ರೇಗಿಸುತ್ತಿದ್ದೆ. ಅವನು ಬಾಟಲಿಯನ್ನು ಒರೆಸಿ ಹೆಮ್ಮೆಯಿಂದ ಮತ್ತೆ ಅಲ್ಲೇ ಇಡುತ್ತಿದ್ದ.

ನ್ಯಾಮತಿಯಲ್ಲಿ ಮೆಣಸಿನಕಾಯಿ ಬಜ್ಜಿ ಅಂಗಡಿ ಇಟ್ಟಿದ್ದ ಸಿದ್ದಲಿಂಗೇಶ್ ಅಜ್ಜಮ್ಮನ ತಮ್ಮ. ಒಂದು ದಿನ ಅವನು, ತನ್ನ ಗದ್ದೆಯಲ್ಲೂ ಒಂದು ಹಳೇ ಡೀಸೆಲ್ ಪಂಪು ಇದೆ, ತನಗೂ ಸೋಸಿದ ಎಣ್ಣೆ ಬೇಕು ಎಂದ. ಎರಡು ಕ್ಯಾನು ಕಪ್ಪು ಎಣ್ಣೆ ಕೊಟ್ಟು ಒಂದು ಕ್ಯಾನು ತಿಳಿ ಎಣ್ಣೆ ಒಯ್ಯುವುದೆಂದು ಮಾತಾಯಿತು. ಹೆಂಡತಿಯ ತಮ್ಮ ತನ್ನ ಕೈಚಳಕಕ್ಕೆ ಬೆಲೆ ಕೊಟ್ಟನೆಂದು ಬೈಲಪ್ಪ ವಾರಗಟ್ಟಲೆ ಹೇಳಿಕೊಂಡು ತಿರುಗಿದ. ನಾನೂ ಶಾಲೆಯಿಂದ ಬರುವಾಗ ಸಂಜೆ ಅದೇ ಅಂಗಡಿಯ ಮುಂದೆ ಇಳಿಯುತ್ತಿದ್ದೆ. ದಿನಕ್ಕೆರಡು ಮೆಣಸಿನಕಾಯಿ ನನ್ನ ಲೆಕ್ಕ.

ಮಾರ್ಚಿನಲ್ಲಿ ಏಳನೇ ತರಗತಿಯ ಮಕ್ಕಳ ಬೀಳ್ಕೊಡುಗೆ ಬಂತು. ಸಿಹಿ ಏನು ಬೇಕು ಎಂದು ಕೇಳಿದರೆ, ಮೊದಲ ಬೆಂಚಿನ ಧನುಶ್ರೀ ಎದ್ದು ನಿಂತು ಸಿಹಿ ಬೇಡ, ಮಂಡಕ್ಕಿ ಮೆಣಸಿನಕಾಯಿ ಬೇಕು ಎಂದಳು. ಇಡೀ ತರಗತಿ ಬೆಂಚು ಬಡಿಯಿತು. ಸಿದ್ದಲಿಂಗೇಶನಿಗೆ ಹೇಳಿದೆ. ಬೈಲಪ್ಪ ಒಂದು ಬುಟ್ಟಿಯನ್ನು ಹನ್ನೊಂದಕ್ಕೇ ತಂದಿಳಿಸಿ, ಊರವರಿಗೆಂದು ಹೇಳಿದ್ದ ಎರಡನೆಯ ಬುಟ್ಟಿ ತರಲು ಮತ್ತೆ ಹೋದ. ಇಪ್ಪತ್ತೆಂಟು ಮಕ್ಕಳು ಎರಡೆರಡು ತಿಂದು ಕೈ ನೆಕ್ಕಿಕೊಂಡರು. ನಾನೂ ತಿಂದೆ.

ಎರಡನೆಯ ಸಲ ಬಂದ ಗಾಡಿ ಗೇಟಿನ ಹೊರಗೇ ನಿಂತಿತು. ಬೈಲಪ್ಪ ಇಳಿಯಲಿಲ್ಲ, ಬುಟ್ಟಿಯನ್ನೂ ಇಳಿಸಲಿಲ್ಲ. ಊರ ಹಿರಿಯರೆಲ್ಲ ಕುರ್ಚಿಯಲ್ಲಿ ಕಾಯುತ್ತಿದ್ದಾರೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೋಗಿ, ಬುಟ್ಟಿ ಇಳಿಸಲಿಕ್ಕೂ ಮುಹೂರ್ತ ನೋಡಬೇಕಾ ಎಂದು ಗದರಿದೆ. ಅವನು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೋಡುತ್ತಾ ಕೂತಿದ್ದ.

"ಮೊದಲನೇ ಬುಟ್ಟಿ ತಿಂದ್ರಾ ಮೇಡಂ?"

ತಿಂದೆವು, ಅದಕ್ಕೇನು ಎಂದೆ.

"ಇದು ಗಾಡಿಗೆ ಹಾಕೋ ಎಣ್ಣೆ ರೀ. ನಂದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಬಿಡಿಸಿ ಹೇಳಿದ. ಬುಟ್ಟಿ ತುಂಬುವುದು ತಡವಾಗಿ ಅಂಗಡಿಯ ಹಿಂದಕ್ಕೆ ಹೋದರೆ, ಸಿದ್ದಲಿಂಗೇಶ್ ಕ್ಯಾನು ಎತ್ತಿ ಬಾಣಲೆಗೆ ಬಗ್ಗಿಸುತ್ತಿದ್ದನಂತೆ. ಕ್ಯಾನಿನ ಬಾಯಲ್ಲಿ ಹಸಿರು ಸೀರೆಯ ಚೂರು ನೇತಾಡುತ್ತಿತ್ತಂತೆ. ಒಳಗಿಂದ ಮಕ್ಕಳ ಹಾಡು ಕೇಳಿಸುತ್ತಿತ್ತು. ಪಂಚೆ, ಲಾರಿಯ ಫಿಲ್ಟರು, ಕಳೆನಾಶಕದ ಕ್ಯಾನು ಒಂದಾದ ಮೇಲೊಂದು ಕಣ್ಣ ಮುಂದೆ ಬಂದವು. ನಾನು ಬೇಲಿಯ ಪಕ್ಕ ಕೂತು ವಾಂತಿ ಮಾಡಿದೆ.

ಆ ಬುಟ್ಟಿಯನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು ಬೈಲಪ್ಪನ ಜೊತೆ ನ್ಯಾಮತಿಗೆ ಹೋದೆ. ಸಿದ್ದಲಿಂಗೇಶ್ ಅಡಗುತ್ತಾನೆ, ಇಲ್ಲ ಕಾಲಿಗೆ ಬೀಳುತ್ತಾನೆ ಎಂದುಕೊಂಡಿದ್ದೆ. ಅವನು ಜಾಲರಿಯಲ್ಲಿ ಬಜ್ಜಿ ತಿರುವುತ್ತಲೇ ಮಾತಾಡಿದ.

"ನೀನೇ ಸೋಸಿದ್ದಲ್ಲ ಭಾವ? ಅಂಗಡಿ ಎಣ್ಣೆಗಿಂತ ತಿಳಿ ಐತೆ. ಮೂರು ತಿಂಗಳಾತು, ಯಾರಿಗೆ ಏನಾಗೈತೆ ಹೇಳು."

ಮೂರು ತಿಂಗಳು! ದಿನಕ್ಕೆರಡರಂತೆ ನಾನು ತಿಂದದ್ದೆಷ್ಟು ಎಂದು ನಿಂತಲ್ಲೇ ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ಬೈಲಪ್ಪ ಕೈ ಎತ್ತುತ್ತಾನೆಂದು ಕಾದೆ. ಅವನು ಬಾಣಲೆಯಲ್ಲಿದ್ದ ಎಣ್ಣೆಯನ್ನೇ ನೋಡುತ್ತಿದ್ದ. ಅದು ನಿಜವಾಗಿಯೂ ತಿಳಿಯಾಗಿತ್ತು, ಬಾಣಲೆಯ ತಳ ಕಾಣುವಷ್ಟು.

ಆ ಸಂಜೆ ಇಪ್ಪತ್ತೆಂಟು ಮನೆಗೂ ಫೋನು ಮಾಡಿದೆ. ಮಕ್ಕಳೆಲ್ಲ ಆರಾಮಾಗಿದ್ದರು, ಧನುಶ್ರೀ ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದಾಳೆ ಎಂದಳು ಅವಳ ತಾಯಿ. ಏನೂ ಆಗಿಲ್ಲವಲ್ಲ, ಸುಮ್ಮನೆ ಗದ್ದಲ ಯಾಕೆ ಎಂದರು ನಮ್ಮ ಹೆಡ್ ಮಾಸ್ಟರು. ಏನೂ ಆಗದೇ ಇದ್ದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಏನಾದರೂ ಆಗಿದ್ದರೆ ಜನ ನಂಬುತ್ತಿದ್ದರು.

ಗದ್ದಲ ಮಾಡದೆ ಕೆಲಸ ಮುಗಿಸಿದವಳು ಅಜ್ಜಮ್ಮ. ಮಾರನೆಯ ದಿನ ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲೇ ತಮ್ಮನ ಅಂಗಡಿಗೆ ಹೋದಳು. ಬೆಂಚಿನ ಕೆಳಗಿದ್ದ ಕ್ಯಾನುಗಳನ್ನು ಒಂದೊಂದಾಗಿ ಎಳೆದು, ತಾನು ಕಟ್ಟಿದ ಸೀರೆಯ ಚೂರುಗಳನ್ನು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡು, ಅವನ ಜೊತೆ ಒಂದು ಮಾತೂ ಆಡದೆ ಬಂದುಬಿಟ್ಟಳು. ಗಿರಾಕಿಗಳು ಏನು ಎತ್ತ ಎಂದು ಕೇಳತೊಡಗಿದರು. ವಾರದೊಳಗೆ ಅವನ ಅಂಗಡಿಯ ಬಾಗಿಲು ಮುಚ್ಚಿತು.

ಬೈಲಪ್ಪ ಹದಿನೈದು ದಿನ ಗಾಡಿ ತೆಗೆಯಲಿಲ್ಲ. ಎಣ್ಣೆಯ ಸಹವಾಸವೇ ಬೇಡ ಎಂದರೆ ಗಾಡಿ ನಿಲ್ಲುತ್ತದೆ, ಗಾಡಿ ಓಡಬೇಕೆಂದರೆ ಎಣ್ಣೆ ಸೋಸಬೇಕು. ಕೊನೆಗೆ ಅವನು ಹುಡುಕಿದ ದಾರಿ ಇಷ್ಟೇ: ಕಟ್ಟಕಡೆಗೆ ಬೆರೆಸುತ್ತಿದ್ದ ಡೀಸೆಲ್ಲನ್ನು ಮೊಟ್ಟಮೊದಲು ಬೆರೆಸುವುದು. ಅಂಗಡಿಯವರು ಎಣ್ಣೆ ಕೊಟ್ಟ ಕೂಡಲೇ, ಅವರ ಕಣ್ಣೆದುರಿಗೇ, ಕ್ಯಾನಿಗೆ ಒಂದು ಚೊಂಬು ಡೀಸೆಲ್ ಸುರಿಯತೊಡಗಿದ. ಆಮೇಲೆ ಎಷ್ಟು ಸೋಸಿದರೂ ಆ ನಾತ ಹೋಗುವುದಿಲ್ಲ. ಸೀಟಿನ ಪಕ್ಕದ ಬಾಟಲಿಯನ್ನು ಅಂದೇ ಎಸೆದಿದ್ದ.

ಸವಳಂಗದ ಭೀಮಕ್ಕ ಒಲೆಯ ಮುಂದೆ ಮೂವತ್ತು ವರ್ಷ ಕಳೆದವಳು, ಮೊದಲ ದಿನದಿಂದ ಅವನಿಗೆ ಎಣ್ಣೆ ಕೊಟ್ಟವಳು. ತನ್ನೆದುರೇ ಡೀಸೆಲ್ ಸುರಿದಾಗ ಅವಳ ಮುಖ ಕೆಂಪಾಯಿತು.

"ನನ್ನ ಮ್ಯಾಲೆ ಅನುಮಾನನಾ ಬೈಲಣ್ಣ?"

"ನಿನ್ನ ಮ್ಯಾಲಲ್ಲವ್ವ. ನನ್ನ ಎಣ್ಣೆ ಮ್ಯಾಲೆ."

ಮುಂದಿನ ವಾರದಿಂದ ಚೊಂಬು ಹಿಡಿದು ಸುರಿಯುವವಳು ಭೀಮಕ್ಕನೇ ಆದಳು. ಅವಳ ಹಾಗೆ ಇನ್ನಿಬ್ಬರು ಒಪ್ಪಿದರು. ಉಳಿದ ಏಳು ಅಂಗಡಿಯವರು ಒಬ್ಬೊಬ್ಬರಾಗಿ, ಈಗ ನಮ್ಮಲ್ಲಿ ಎಣ್ಣೆಯೇ ಉಳಿಯುವುದಿಲ್ಲ ಎಂದರು. ಅವಮಾನವಾಗಿದೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತಾರೆ ಎಂದು ನಾನು ಸಮಾಧಾನ ಹೇಳಿದೆ. ಈಗ ಟ್ರ್ಯಾಕ್ಸ್ ವಾರಕ್ಕೆ ಮೂರು ದಿನ ಮಾತ್ರ ಓಡುತ್ತದೆ. ಮಿಕ್ಕ ದಿನ ನಾನು ಯಾರದಾದರೂ ಬೈಕಿಗೆ ಕೈ ಅಡ್ಡ ಹಾಕುತ್ತೇನೆ.

ಕಳೆದ ಶುಕ್ರವಾರ ಸಂಜೆ ನ್ಯಾಮತಿ ಬಸ್ ನಿಲ್ದಾಣದ ಹತ್ತಿರ ಬೈಲಪ್ಪ ಗಾಡಿ ನಿಲ್ಲಿಸಿ, ಆ ಏಳರಲ್ಲೊಂದು ಅಂಗಡಿಗೆ ಹೋದ. ನೇರವಾಗಿ ಕೇಳಿಯೇ ಬಿಡುತ್ತೇನೆ ಎಂದು ಹೋದವನು ಎರಡೇ ನಿಮಿಷದಲ್ಲಿ ತಿರುಗಿ ಬಂದು ಸೀಟಿನಲ್ಲಿ ಕೂತ. ಎಣ್ಣೆ ಉಳಿಯುತ್ತದಂತೆ. ಬೇರೆ ಯಾರೋ ವ್ಯಾನಿನಲ್ಲಿ ಬಂದು ಒಯ್ಯುತ್ತಾರಂತೆ. ಡೀಸೆಲ್ ಬೆರೆಸಿದ್ದು ಮಾತ್ರ ಬೇಡ ಎಂದು ತಾಕೀತು ಮಾಡಿದ್ದಾರಂತೆ.

"ಡೀಸೆಲ್ ಬ್ಯಾಡ ಅನ್ನೋ ಗಾಡಿ ಯಾವುದೈತೆ ರೀ ಮೇಡಂ?"

ಗಾಡಿಗಲ್ಲವೆಂದರೆ ಅದು ಮತ್ತೆ ಬಾಣಲೆಗೇ, ಈ ಅಂಗಡಿಯದೇ ಇದ್ದರೂ ಇರಬಹುದು. ಅಂಗಡಿಯ ಮುಂದೆ ಹೈಸ್ಕೂಲು ಬಿಟ್ಟ ಮಕ್ಕಳು ಮುತ್ತಿಕೊಂಡಿದ್ದರು. ಅವರ ನಡುವೆ ಎರಡು ಜಡೆಯ ಧನುಶ್ರೀ ಇದ್ದಳು. ನಾನು ಗಾಡಿಯಿಂದ ಇಳಿದು ಓಡಿದೆ. ಚಪ್ಪಲಿ ಒಂದು ಅಲ್ಲೇ ಉಳಿಯಿತು. ನನ್ನನ್ನು ಕಂಡು ಅವಳ ಮುಖ ಅರಳಿತು. ಕೈಯಲ್ಲಿದ್ದ ಪೊಟ್ಟಣವನ್ನು ಬಿಚ್ಚಿ ನನ್ನ ಮುಂದೆ ಹಿಡಿದಳು.

"ತಗಳ್ರಿ ಮೇಡಂ, ಬಿಸಿ ಐತೆ."