ಹಣೆ ಇಲ್ಲದ ಬಾಸಿಂಗ

ನನ್ನ ದೊಡ್ಡಮ್ಮ ವನಜಮ್ಮನಿಗೆ ಅರವತ್ತೊಂದು ವರ್ಷ. ಸೊರಬದಲ್ಲಿ ಬೆಂಡಿನ ಬಾಸಿಂಗ ಮಾಡುವುದು ಅವಳ ಕಸುಬು. ಮದುಮಕ್ಕಳ ಹಣೆಗೆ ಕಟ್ಟುವ ಆ ಅಲಂಕಾರಕ್ಕೆ ಉಳವಿಯಿಂದ ಶಿಕಾರಿಪುರದವರೆಗಿನ ಜನ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಅವಳಿಗೆ ಮಾತ್ರ ಮದುವೆಯಾಗಿಲ್ಲ. ಗೊತ್ತಾಗಿದ್ದ ಒಂದು ಸಂಬಂಧ ಮುರಿದ ಮೇಲೆ ಇನ್ನೊಂದು ಗಂಡು ನೋಡಲು ಅವಳೇ ಬಿಡಲಿಲ್ಲವಂತೆ. ಆ ಮಾತು ಎತ್ತುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ, ಅವಳ ಬಾಯಿ ಅಷ್ಟು ಜೋರು.

ಜರ್ಮನಿಯ ಸಣ್ಣ ಊರೊಂದರ ಮ್ಯೂಸಿಯಂನವರು ಚಳಿಗಾಲದ ಎರಡು ತಿಂಗಳು ಕುಶಲಕರ್ಮಿಗಳನ್ನು ಕರೆಸಿಕೊಳ್ಳುತ್ತಾರೆಂದು ಓದಿ ಅವಳ ಪರವಾಗಿ ಅರ್ಜಿ ಹಾಕಿದವಳು ನಾನು. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳಿಗೆ ಇರುವ ಜಂಬ ನನಗೂ ಉಂಟು. ಪ್ರದರ್ಶನಕ್ಕೆ ಒಂದು ಬಾಸಿಂಗ ಮಾಡಿಕೊಡುತ್ತೇವೆ, ಆಮೇಲೆ ನೀವೇ ಇಟ್ಟುಕೊಳ್ಳಿ ಎಂದು ಅವಳನ್ನು ಕೇಳದೆಯೇ ಬರೆದುಬಿಟ್ಟಿದ್ದೆ. ಅವಳ ಮಾತನ್ನು ಅಲ್ಲಿನವರಿಗೆ ತಿಳಿಸಿಕೊಡಲು ನಾನೂ ಜೊತೆಗೆ ಹೊರಟೆ.

ಅಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲೆ. ದೊಡ್ಡಮ್ಮ ಸ್ವೆಟರಿನ ಮೇಲೆ ಸೀರೆ ಸುತ್ತಿಕೊಂಡು, ಒಗೆದ ಬಟ್ಟೆಯನ್ನು ಹೀಟರಿನ ಮೇಲೆ ಹರವಿ, ಹಿಮದ ಮೇಲೆ ನಾಯಿ ತಿರುಗಾಡಿಸುವವರನ್ನು ಕಿಟಕಿಯಿಂದ ನೋಡಿ ನಗುತ್ತಿದ್ದಳು. ಎಲ್ಲ ಸರಿಯಿತ್ತು. ಬೆಂಡು, ಚೂರಿ, ಅಂಟು, ಬಣ್ಣದ ಕಾಗದ ಮೇಜಿನ ಮೇಲೆ ಸಾಲಾಗಿ ಇದ್ದವು. ಆದರೆ ಮೂರು ವಾರವಾದರೂ ಅವಳು ಚೂರಿ ಮುಟ್ಟಲಿಲ್ಲ.

"ಯಾರ ಮದುವೆ ಅಂತ ಕೇಳು ಅವ್ರನ್ನ," ಅಂದಳು.

"ಯಾರದೂ ಅಲ್ಲ ದೊಡ್ಡಮ್ಮ. ಗಾಜಿನ ಪೆಟ್ಟಿಗೇಲಿ ಇಡೋಕೆ."

"ಹಣೆ ಇಲ್ದೆ ಅಳತೆ ಎಲ್ಲಿಂದ ತರ್ಲಿ? ಹೆಸ್ರು ಕೇಳ್ದೆ ನಾನು ಒಂದೂ ಮಾಡಿದ್ದಿಲ್ಲ. ನಮ್ಮಪ್ಪನೂ ಮಾಡಿದ್ದಿಲ್ಲ."

ಅದು ಅವರ ಮನೆಯ ಕಟ್ಟುನಿಟ್ಟು. ಮೊದಲು ಮದುಮಕ್ಕಳ ಹೆಸರು, ಆಮೇಲೆ ಹಣೆಗೆ ನೂಲು ಹಿಡಿದು ಅಳತೆ, ಕೊನೆಗೆ ಬೆಂಡಿಗೆ ಚೂರಿ. ಮದುವೆ ಮುಗಿದ ಮೇಲೆ ಬಾಸಿಂಗವನ್ನು ಹಲಸಿನ ಮರಕ್ಕೆ ಕಟ್ಟುತ್ತಾರೆ, ಒಂದು ಮಳೆಗಾಲಕ್ಕೆ ಅದು ಕರಗಿಹೋಗುತ್ತದೆ. ನಾನು ಪ್ರತಿ ವರ್ಷ ಹುಡುಗರನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋಗಿ ಹಳೆಯ ಗುಡಿಗಳ ಕಲ್ಲುಗಳ ಮುಂದೆ ನಿಂತು ಭಾಷಣ ಬಿಗಿಯುತ್ತೇನೆ. ಆ ಗುಡಿಗಳ ಮುಂದೆ ಮದುವೆಯಾದವರ ಒಂದು ಬಾಸಿಂಗವೂ ಉಳಿದಿಲ್ಲ ಎಂಬುದು ನನಗೆ ಹೊಳೆದದ್ದು ಆ ಹಿಮದ ಊರಿನಲ್ಲಿ. ಉಳಿದದ್ದಷ್ಟೇ ಇತಿಹಾಸ ಎಂದು ಪಾಠ ಮಾಡಿಕೊಂಡು ಬಂದಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಹಟ ಬಿಡಲಿಲ್ಲ.

"ಸುಮ್ನೆ ಒಂದು ಮಾಡಿಕೊಡು ಮಾರಾಯ್ತಿ. ನನ್ನ ಮರ್ಯಾದೆ ಹೋಗ್ತದೆ."

"ನಿನ್ನ ಮರ್ಯಾದೆಗೆ ನಾನು ಸುಳ್ಳು ಬಾಸಿಂಗ ಮಾಡ್ಬೇಕಾ?"

ಪ್ರದರ್ಶನಕ್ಕೆ ಹತ್ತು ದಿನ ಉಳಿದಿತ್ತು. ಮ್ಯೂಸಿಯಂನ ಮೇಲ್ವಿಚಾರಕಿ, ಪಾಪ ಮೆತ್ತಗಿನ ಹೆಂಗಸು, ನಮ್ಮನ್ನು ಮೇಲಿನ ಕೋಣೆಗೆ ಕರೆದೊಯ್ದು ಆ ಸೀಮೆಯ ಹಳೆಯ ಮದುಮಗಳ ಕಿರೀಟವೊಂದನ್ನು ತೋರಿಸಿದಳು. ಮಣಿ, ತಂತಿ, ಬಟ್ಟೆಯ ಹೂವು. ದೊಡ್ಡಮ್ಮ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು.

"ಒಳಗಿನ ಪಟ್ಟಿ ನೋಡೆ. ಬೆವರಿನ ಕಲೆ ಐತೆ. ಇದನ್ನ ಯಾವಳೋ ಕಟ್ಕಂಡಿದಾಳೆ."

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವಳು ಕನ್ನಡಿಯ ಮುಂದೆ ತನ್ನ ಹಣೆಗೆ ತಾನೇ ನೂಲು ಹಿಡಿದುಕೊಂಡಿದ್ದಳು. ಒಂಬತ್ತು ದಿನ ಅವಳ ಕೈ ನಿಲ್ಲಲಿಲ್ಲ. ಬೆಂಡಿನಲ್ಲಿ ಮಲ್ಲಿಗೆ ಅರಳಿತು, ಗಿಳಿ ಕೂತಿತು. ಅಷ್ಟು ನಾಜೂಕಿನ ಬಾಸಿಂಗವನ್ನು ಅವಳು ಯಾರಿಗೂ ಮಾಡಿಕೊಟ್ಟದ್ದು ನಾನು ಕಂಡಿಲ್ಲ. ಗಂಡಿನದು ಎಲ್ಲಿ ಎಂದು ಮೇಲ್ವಿಚಾರಕಿ ಕೇಳಿದಾಗ, "ಒಂದೇ ಸಾಕು ಅನ್ನು," ಎಂದಳು ದೊಡ್ಡಮ್ಮ.

ಪೆಟ್ಟಿಗೆಯಲ್ಲಿ ಇಡುವ ದಿನ ಮೇಲ್ವಿಚಾರಕಿ ಬಿಳಿ ಕೈಗವಸು ಹಾಕಿಕೊಂಡು ಬಂದು ನಿಂತಳು. ದೊಡ್ಡಮ್ಮ ಅವಳಿಗೆ ಕೊಡದೆ ಬಾಸಿಂಗವನ್ನು ತನ್ನ ಹಣೆಗೆ ಹಿಡಿದು ನನಗೆ ಬೆನ್ನು ಮಾಡಿದಳು.

"ಕಟ್ಟೆ ನಯನಾ. ಇದನ್ನ ತಾನೇ ಕಟ್ಕಳಕ್ಕೆ ಬರಲ್ಲ, ಇನ್ನೊಬ್ರು ಕಟ್ಬೇಕು."

ದಾರವನ್ನು ಹಿಂದಕ್ಕೆ ತಂದು ಗಂಟು ಹಾಕಿದೆ. ಅವಳ ತಲೆಯ ಹಿಂಭಾಗದ ಕೂದಲೆಲ್ಲ ಬೆಳ್ಳಗಾಗಿತ್ತು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಮೇಲ್ವಿಚಾರಕಿ ಕೈಗವಸು ಕಳಚಿ ಜೇಬಿಗಿಟ್ಟಳು. ದೊಡ್ಡಮ್ಮ ಎದುರಿನ ಗಾಜಿನಲ್ಲಿ ತನ್ನನ್ನು ನೋಡಿಕೊಂಡಳು, ಕತ್ತು ಆ ಕಡೆ ಈ ಕಡೆ ತಿರುಗಿಸಿದಳು.

"ಸರಿಯಾಗಿ ಕೂತೈತೆ," ಅಂದಳು. ಬೆಂಡಿನ ಗಿಳಿಯನ್ನು ಒಮ್ಮೆ ಮುಟ್ಟಿ ನೋಡಿದಳು. "ಬಿಚ್ಚು ಈಗ. ಇದು ಬಾಸಿಂಗ ಆತು. ಇನ್ನು ಇಟ್ಕಳ್ಳಿ ಅನ್ನು."